ಇಂದ್ರಾಬಾಯಿಯ ದಪ್ಪೆಲೆ ಗಿಡ

ವಿದ್ಯಾಗಿರಿಯ ಆ ಓಣಿಯಲ್ಲಿ ಶಂಕರಲಿಂಗ ಮಾಸ್ತರರನ್ನು ಹೊಗಳದವರಿಲ್ಲ. ದೇವರಂಥ ಮನುಷ್ಯ, ಇರುವೆಯನ್ನೂ ನೋಯಿಸದವರು ಅನ್ನುತ್ತಾರೆ. ಆ ದೇವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ ಇಂದ್ರಾಬಾಯಿಯನ್ನು ಮಾತ್ರ ಯಾರೂ ಏನೂ ಕೇಳಿಲ್ಲ. ಕೇಳಿದ್ದರೆ ಬಿಡದೆ ಹೇಳುತ್ತಿದ್ದಳು.

ಮೈದುನರ ಓದು, ನಾದಿನಿಯರ ಬಾಣಂತನ, ಅತ್ತೆಯ ಔಷಧಿ ಎಲ್ಲ ಮುಗಿದ ಮೇಲೆ ಆಕೆ ತನಗೆಂದು ಬೆಳೆಸಿದ್ದು ಒಂದು ಗಿಡ. ಅಂಗೈಯಷ್ಟು ಅಗಲ, ಅರಳಿದ ಗುಲಾಬಿಯಂತೆ ಸುತ್ತಿಕೊಂಡ ದಪ್ಪ ದಪ್ಪ ಎಲೆ. ಸಕ್ಯುಲೆಂಟ್ ಅಂತ ಹೆಸರಂತೆ. ಆಕೆಗೆ ಅದು ದಪ್ಪೆಲೆ. ಯಾರದೋ ಮನೆಯ ಕುಂಡದಿಂದ ಉದುರಿದ್ದ ಒಂದೆಲೆಯನ್ನು ತಂದು, ಒಣ ಉಸುಕಿನ ಮೇಲೆ ಮಲಗಿಸಿ, ಬೇರು ಬಿಡುವ ತನಕ ಕಾದಿದ್ದಳು. ನೀರು ನಿಲ್ಲಬಾರದೆಂದು ತವರೂರು ಇಳಕಲ್ಲಿನಿಂದ ಗ್ರಾನೈಟಿನ ಚೂರು ತರಿಸಿ ಮಣ್ಣಿಗೆ ಬೆರೆಸಿದ್ದಳು. ಕೆಳಗಿನ ಎಲೆ ಸುಕ್ಕುಗಟ್ಟಿದಾಗಷ್ಟೇ ನೀರು, ಅದೂ ಬುಡಕ್ಕೆ. ನಡುವಿನ ಸುಳಿಗೆ ಹನಿಯೂ ಬೀಳಬಾರದು. ಆ ಮನೆಯಲ್ಲಿ ಈಕೆಯ ಮಾತಿನಂತೆ ನಡೆದದ್ದು ಆ ಗಿಡವೊಂದೇ.

ಮಾಸ್ತರರು ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡುತ್ತಾರೆ. ಪೂಜೆಯ ನೀರು ಯಾರ ಕಾಲಿಗೂ ಸಿಗಬಾರದು, ಗಿಡದ ಬುಡಕ್ಕೇ ಹೋಗಬೇಕು. ಅಂಗಳದಲ್ಲಿ ದಾಸವಾಳವಿದೆ, ಕಣಗಿಲೆಯಿದೆ. ಆದರೂ ಅವರ ಕಣ್ಣು ಮೆಟ್ಟಿಲ ಮೇಲಿನ ಆ ಪುಟ್ಟ ಕುಂಡದ ಮೇಲೆ.

"ಪಾಪ, ಒಣಗೇತಿ ನೋಡು."

"ಒಣಗಿಲ್ರಿ. ಅದು ಹಂಗ ಇರೂದು. ಅದಕ್ಕ ನೀರು ಹಾಕಬ್ಯಾಡ್ರಿ."

ಹೂಂ ಅಂದು ಗೋಣು ಆಡಿಸುತ್ತಿದ್ದರು. ಆಕೆ ಕಾವಲಿದ್ದಾಗ ಗಿಡ ಉಳಿಯಿತು.

ಅಣ್ಣನ ಬಸುರಿ ಸೊಸೆಯ ಕುಬುಸಕ್ಕೆಂದು ಇಳಕಲ್ಲಿಗೆ ಹೊರಟಾಗ, ಬಸ್ಸು ಹತ್ತುವ ಮುಂಚೆಯೂ ಮತ್ತೆ ಹೇಳಿದಳು. ವಾರ ಬಿಟ್ಟು ಬಂದು ನೋಡಿದರೆ ದಪ್ಪೆಲೆ ಹಸಿರಾಗಿ ಉಬ್ಬಿ ನಿಂತಿತ್ತು. ಖುಷಿಯಾಗಿ ಮುಟ್ಟಿದಳು. ತಲೆಯೇ ಕಳಚಿ ಕೈಗೆ ಬಂತು. ಕೆಳಗೆ ಕಪ್ಪು ಲೋಳೆ, ಕೊಳೆತ ವಾಸನೆ.

ಆಕೆಯ ಮೈಯೆಲ್ಲ ಉರಿದುಹೋಯಿತು.

"ದಿನಾ ಹಾಕೀರೇನು?"

"ದೇವರ ನೀರು ಇಂದ್ರಾ. ಅದರಿಂದ ಕೆಡಕು ಆಗತೈತೇನು?"

ಸದ್ದು ಕೇಳಿ ಬಂದ ಪಕ್ಕದ ಮನೆಯ ಮಹಾದೇವಿಯೂ ಅವರ ಕಡೆಗೇ. "ಹೋಗ್ಲಿ ಬಿಡ್ರಿ ಅಕ್ಕಾರ, ನೀರು ಹಾಕ್ಯಾರ, ವಿಷ ಅಲ್ಲಲ್ಲ. ಇಂಥಾ ಗಂಡ ಯಾರಿಗೆ ಸಿಗ್ತಾರ?"

"ನಿನಗ ಬೇಕಂದ್ರ ಕರಕೊಂಡ ಹೋಗವ್ವಾ!" ಅಂದಳು ಇಂದ್ರಾಬಾಯಿ. ಮಹಾದೇವಿ ಬಂದ ದಾರಿ ಹಿಡಿದಳು.

ಎಲೆ ಎಲೆ ಬಿಡಿಸಿ ನೋಡಿದಳು. ಎಲ್ಲ ಕೊಳೆತಿದ್ದವು, ಒಂದೇ ಎಲೆ ಗಟ್ಟಿಯಿತ್ತು. ಅದನ್ನು ತಟ್ಟೆಯ ಒಣ ಉಸುಕಿನ ಮೇಲಿಟ್ಟು ಅದೇ ಮೆಟ್ಟಿಲ ಮೇಲಿಟ್ಟಳು.

ಮರುದಿನ ಬೆಳಿಗ್ಗೆ ಚಹಾ ಸೋಸುತ್ತ ಹೊರಗೆ ಕಣ್ಣು ಹಾಯಿಸಿದರೆ, ಮಾಸ್ತರರು ಚಂಬು ಹಿಡಿದು ಆ ತಟ್ಟೆಯ ಮೇಲೆ ಬಾಗಿದ್ದಾರೆ! ಓಡಿಹೋಗಿ ಅವರ ಮುಂಗೈ ಹಿಡಿದಳು. ಹಿಂದೆಂದೂ ಹಾಗೆ ಹಿಡಿದವಳಲ್ಲ.

"ಒಂದಽ ಹನಿ..." ಅಂದರು ಅವರು.

"ನಿಮಗ ನನ್ನ ಮಾತು ಕಿವಿಗೆ ಬೀಳತೈತೋ ಇಲ್ಲೋ? ಖರೆ ಹೇಳ್ರಿ."

ಸುಳ್ಳು ಹೇಳುವ ಮನುಷ್ಯರಲ್ಲ ಅವರು. "ಬೀಳತೈತಿ," ಅಂದರು ಶಾಂತವಾಗಿ. "ಆದ್ರ ನಿನಗೇನ್ ಗೊತ್ತಾಗತೈತಿ ಅಂತ ಬಿಟ್ಟಬಿಡ್ತೇನಿ."

ಇಷ್ಟು ವರ್ಷ ಆಕೆ ಅವರನ್ನು ಮರೆಗುಳಿ ಅಂದುಕೊಂಡಿದ್ದಳು. ಹಾಗೆ ಅಂದುಕೊಂಡೇ ಎಲ್ಲವನ್ನೂ ನುಂಗಿಕೊಂಡಿದ್ದಳು.

ಕೈ ಬಿಟ್ಟಳು. ತಟ್ಟೆ ಎತ್ತಿಕೊಂಡು ಒಳಗೆ ಹೋಗಿ, ಕೋಣೆಯ ಕಿಟಕಿಯಲ್ಲಿ ಬೆಳಗಿನ ಬಿಸಿಲು ಬೀಳುವ ಕಡೆ ಇಟ್ಟು, ಬಾಗಿಲಿಗೆ ಅಗಳಿ ಹಾಕಿದಳು. ಹೊರಗೆ ಮಾಸ್ತರರು ಇಂದ್ರಾ, ಇಂದ್ರಾ ಅಂತ ಕರೆಯುತ್ತಿದ್ದರು. ಚಹಾ ಆರುತ್ತಿದೆ ಅನ್ನುತ್ತಿದ್ದರು. ಒಂದೊಂದು ಮಾತೂ ಆಕೆಗೆ ಚೆನ್ನಾಗಿ ಕೇಳಿಸುತ್ತಿತ್ತು. ಓಗೊಡಲಿಲ್ಲ.