ಬೆನ್ನು ತಿರುಗಿಸಿ ಕೇಳಿದ ಕಚೇರಿ

ಐವತ್ತರ ದಶಕದ ಕೊನೆಗೆ ಕುಂಬ್ರದ ಹತ್ತಿರದ ಧನಿಗಳೊಬ್ಬರು ಮದರಾಸಿಗೆ ಹೋಗಿ ಅಲ್ಲಿನ ಮ್ಯೂಸಿಯಂ ನೋಡಿ ಬಂದರು. ನೋಡಿ ಬಂದವರು ಸುಮ್ಮನಿರುತ್ತಾರೆಯೇ? ಅಡಿಕೆ ಗೋದಾಮು ಖಾಲಿ ಮಾಡಿಸಿ, ಜೀರ್ಣೋದ್ಧಾರವಾದ ದೇವಸ್ಥಾನಗಳ ಹೊರಗೆ ಬಿದ್ದಿದ್ದ ಕೈ ಮುರಿದ, ಮೂಗು ಹೋದ ಮೂರ್ತಿಗಳನ್ನೆಲ್ಲ ಗಾಡಿಯಲ್ಲಿ ತರಿಸಿ ನಿಲ್ಲಿಸಿದರು. ಬಾಗಿಲ ಮೇಲೆ ‘ಶಿಲ್ಪ ಸಂಗ್ರಹಾಲಯ’ ಎಂಬ ಬೋರ್ಡು. ಉದ್ಘಾಟನೆಗೆ ಸಂಗೀತ ಬೇಕಲ್ಲ. ಪುತ್ತೂರಿನಲ್ಲಿ ಸಂಗೀತ ಪಾಠವಾಗಿದ್ದ ನನ್ನ ಅಕ್ಕನಿಗೆ ಕರೆ ಬಂತು.

ಅಕ್ಕ ಅದುವರೆಗೆ ಹಾಡಿದ್ದೆಲ್ಲ ಹೆಣ್ಣು ನೋಡಲು ಬಂದವರ ಮುಂದೆ. ಅವರು ಹಾಡಿಸುತ್ತಿದ್ದುದು ಹಲ್ಲು ನೋಡಲಿಕ್ಕೆ. ಪಲ್ಲವಿ ಮುಗಿಯುವಷ್ಟರಲ್ಲಿ “ಸಾಕು ಮಗಳೇ” ಎಂದು ಉಪ್ಪಿಟ್ಟಿಗೆ ಕೈ ಹಾಕುತ್ತಿದ್ದರು. ಒಂದು ಕೀರ್ತನೆಯನ್ನಾದರೂ ಚರಣದವರೆಗೆ ಯಾರಾದರೂ ಕೇಳಬೇಕು ಎಂಬುದೊಂದೇ ಅವಳ ಆಸೆ. ಕರೆ ಬಂದ ಮೇಲೆ ಅವಳು ದಿನವೂ ಚರಣಗಳನ್ನೇ ಮತ್ತೆ ಮತ್ತೆ ಹಾಡಿಕೊಂಡಳು.

ಜನ ತುಂಬ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದೇ ಒಳಗೆ ಬಂದರು. ವೇದಿಕೆ ಒಂದು ತುದಿಗೆ. ಇನ್ನೊಂದು ತುದಿಯ ಗೋಡೆಗೆ ಒರಗಿ ಒಂದು ನಾಗನ ಕಲ್ಲು. ನಾಗನಿಗೆ ಬೆನ್ನು ಹಾಕುವ ಧೈರ್ಯ ನಮ್ಮ ಕಡೆ ಯಾರಿಗಿದೆ? ಒಬ್ಬ ಅಜ್ಜಿ ಮೊದಲು ತಿರುಗಿ ಕುಳಿತರು. ನೋಡನೋಡುತ್ತ ಸಭೆಯೇ ತಿರುಗಿತು. ವೇದಿಕೆಯ ಮೇಲೆ ತಂಬೂರಿ ಹಿಡಿದು ಕುಳಿತ ನನಗೆ ಕಂಡದ್ದು ಬರೀ ಜುಟ್ಟು, ತುರುಬು, ಹೆಗಲ ಮೇಲಿನ ಬೈರಾಸು.

“ಇದು ದೇವರಲ್ಲ ಮಾರಾಯ್ರೆ, ಶಿಲ್ಪ! ಈಚೆ ತಿರುಗಿ!” ಎಂದು ಧನಿಗಳು ಕೂಗಿದರು.

“ಶಿಲ್ಪ ಆದ್ರೆ ಎಂತ ಧನಿಗಳೇ, ಹೆಡೆ ಉಂಟಲ್ಲ,” ಎಂದರು ಅಜ್ಜಿ. “ಬೆನ್ನು ಹಾಕುದು ಹೇಗೆ?”

ಕಲ್ಲನ್ನೇ ಹೊರಗಿಡಿ ಎಂದರೆ, ಅದನ್ನು ಹೊತ್ತು ತಂದ ಆಳುಗಳೇ ಹಿಂದೆ ಸರಿದರು. “ತರುವಾಗ ಅದು ಕಲ್ಲು ಧನಿಗಳೇ. ಈಗ ಕೂತಾಯ್ತಲ್ಲ! ದೇವಸ್ಥಾನದ ತಂತ್ರಿಗಳು ಬಾರದೆ ನಾವು ಮುಟ್ಟುದಿಲ್ಲ.”

ನನಗೆ ಸಿಟ್ಟು ಬಂತು. ಅಕ್ಕ ಮಾತ್ರ ಗಂಟಲು ಸರಿಮಾಡಿಕೊಂಡು ಆ ಬೆನ್ನುಗಳಿಗೇ ಹಾಡತೊಡಗಿದಳು. ಧನಿಗಳು ಸ್ವಲ್ಪ ಹೊತ್ತು ಒಬ್ಬರೇ ನಮ್ಮ ಕಡೆ ಮುಖ ಮಾಡಿ ಕುಳಿತರು. ಆಮೇಲೆ ಹಿಂದೆ ಯಾರಿದ್ದಾರೆಂದು ನೆನಪಾಗಿರಬೇಕು, ಮೆಲ್ಲಗೆ ಅವರೂ ತಿರುಗಿದರು. ದೇವರ ಎದುರಿನ ಸೇವೆಯಲ್ಲವೇ, ನಡುವೆ ಒಬ್ಬರೂ ಏಳಲಿಲ್ಲ. ಜುಟ್ಟುಗಳು ತೂಗಿದವು, ತೊಡೆಗಳ ಮೇಲೆ ತಾಳ ಬಿತ್ತು. ಮಂಗಳವಾದ ಮೇಲೆ ಎಲ್ಲರೂ ಪ್ರಸಾದಕ್ಕೆ ಕೈಯೊಡ್ಡಿ ನಿಂತರು. ಧನಿಗಳು ಬಾಳೆಹಣ್ಣು ತರಿಸಬೇಕಾಯಿತು.

ಮನೆಗೆ ಬರುವಾಗ ನನ್ನ ಸಿಟ್ಟು ಇಳಿದಿರಲಿಲ್ಲ. “ಇದೆಂಥ ಮರ್ಯಾದೆ ಅಕ್ಕಾ? ಒಬ್ಬರಾದ್ರೂ ನಿನ್ನ ಮುಖ ನೋಡಿದ್ರಾ?”

“ಇಲ್ಲ,” ಎಂದಳು ಅಕ್ಕ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತ. “ಒಬ್ಬರೂ ನೋಡ್ಲಿಲ್ಲ. ಚರಣದವರೆಗೆ ಕೇಳಿದ್ರು.”