ಸಂಡಾಸದ ಗ್ವಾಡಿಗೆ ಕಮಲದ ಟೈಲ್ಸ್

ಶಿರಗುಪ್ಪಿಯ ಒಂದು ಜೈನರ ಮನ್ಯಾಗ ಟೈಲ್ಸ್ ಹಚ್ಚಾಕ ಹೋಗಿದ್ದೆ. ಮೊಣಕಾಲು ನೋವಿನ ಅಜ್ಜಿಗೆ ಮಾಳಿಗಿ ಹತ್ತಾಕ ಆಗೂದಿಲ್ಲಂತ ಕೆಳಗ, ಪಾವಟಿಗಿ ಬುಡಕ, ಸಣ್ಣ ಸಂಡಾಸ ಕಟ್ಟಿದ್ರು. ಅಜ್ಜಿಯ ಮಗ ಆರಿಸಿ ತಂದಿದ್ದು ಕಮಲದ ಟೈಲ್ಸ್. ಒಂದು ಸಾಲು ಹಚ್ಚಿ ಮುಗಿಸಿದ್ದೆ, ಅಜ್ಜಿ ಬಾಗಲಕ ಬಂದು ನಿಂತ್ರು.

"ತಮ್ಮಾ, ಕೈ ತಗಿ. ಕಮಲ ಅಂದ್ರ ತೀರ್ಥಂಕರರ ಲಾಂಛನ. ಅದರ ಮುಂದ ನಾ ಸೀರಿ ಎತ್ತಿ ಕುಂಡ್ರಬೇಕೇನು?"

ಸಿಮೆಂಟ್ ಬಿಗಿಯಾಗಾಕತ್ತಿತ್ತು.

"ಕೀಳಾಕ ಹೋದ್ರ ಒಡಿತಾವ್ರಿ ಅಮ್ಮಾ" ಅಂದೆ.

"ಕಮಲ ಒಡದ್ರ ನಿನ್ನ ಬಿಡಾಂಗಿಲ್ಲ ನೋಡು!"

ಉಸಿರು ಬಿಗಿಹಿಡದು ಒಂದೊಂದ ಬಿಡಿಸಿದೆ. ಅಜ್ಜಿ ಸೆರಗೊಡ್ಡಿ ಇಸಗೊಂಡ್ರು. ಸಂಡಾಸಕ್ಕ ಬರೇ ಬಿಳಿ ಟೈಲ್ಸ್ ಬಂತು.

ಕಮಲ ಈಗ ತಲಬಾಗಲ ಬಾಜೂಕ ಅದಾವ. ಬಂದವರು ಮುಟ್ಟಿ ಕಣ್ಣಿಗೆ ಒತ್ತಿಕೋತಾರ. ಮೊದಲ ಎಲ್ಲಿದ್ದುವು ಅಂತ ಇನ್ನೂ ಯಾರೂ ಕೇಳಿಲ್ಲ, ನನ್ನ ಪುಣ್ಯಾ.