ಚಿಕ್ಕಮ್ಮನ ಹೆಸರಿನ ರಕ್ತ

ಎಪ್ಪತ್ತರ ದಶಕದ ನಡುವಿನ ಮಾತು. ಎಂ.ಎಸ್ಸಿ. ಮುಗಿಸಿ ನಾನು ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಸಹಾಯಕಿಯಾಗಿದ್ದೆ. ಖಿನ್ನತೆಯಿಂದ ಬಳಲುವವರ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಿರುತ್ತದೆಯೇ ಎಂದು ಅಳೆಯುವುದು ನಮ್ಮ ಕೆಲಸ. ಕೆಲವರಲ್ಲಿ ಹೆಚ್ಚಿರುತ್ತಿತ್ತು, ಕೆಲವರಲ್ಲಿ ಇಲ್ಲ.

ಮಳವಳ್ಳಿಗೆ ಕೊಟ್ಟಿದ್ದ ಚಿಕ್ಕಮ್ಮ ಆಗ ಊಟ, ಮಾತು ಎರಡನ್ನೂ ಬಿಟ್ಟು ಗೋಡೆಯತ್ತ ತಿರುಗಿ ಮಲಗಿಬಿಟ್ಟಿದ್ದಳು. ಗಂಡನ ಮನೆಯಲ್ಲಿ ಅದನ್ನು ಸೋಮಾರಿತನ ಎಂದರು. ಅವ್ವ ತಂಗಿಯನ್ನು ಮಂಡ್ಯದ ನಮ್ಮ ಮನೆಗೆ ಕರೆತಂದು ಡಾಕ್ಟರಿಗೆ ತೋರಿಸಿದಳು. ಅವರು ಮಾತ್ರೆ ಬರೆದರು. ನನ್ನ ಕೋರಿಕೆಯಂತೆ ರಕ್ತವನ್ನೂ ತೆಗೆಸಿದರು. ಚಿಕ್ಕಮ್ಮನ ಹೆಸರು ಅಂಟಿಸಿದ ಸೀಸೆ ಮೈಸೂರಿಗೆ ಬಂತು. ಹಾರ್ಮೋನು ಹೆಚ್ಚಿರಲಿಲ್ಲ.

ಸುದ್ದಿ ತಿಳಿದ ಚಿಕ್ಕಪ್ಪ ಹೆಂಡತಿಯನ್ನು ಕರೆದೊಯ್ಯಲು ಬಂದರು. ನಾನು ರಜೆಯಲ್ಲಿ ಮನೆಯಲ್ಲೇ ಇದ್ದೆ.

"ನೆತ್ರಲ್ಲಿ ಏನೂ ಇಲ್ಲ ಅಂತ ನೀನೇ ಏಳಿದ್ದೀಯಲ್ಲವ್ವ. ಇನ್ನು ಮನಿಕ್ಕಳದ್ಯಾಕೆ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಡುಗೆಮನೆಯಿಂದ ಬಂದಳು.

"ಅದು ಅವಳ್ದಲ್ಲ ಕಣಪ್ಪ, ನಂದು. ಒಣಗಿ ಕಡ್ಡಿ ಆಗವ್ಳೆ, ಅವಳ ಮೈಯಾಗೆ ನೆತ್ರು ಎಲ್ಲದೆ ತೆಗಿಯಕೆ? ಒಂದೇ ಒಟ್ಟೇಲಿ ಉಟ್ಟಿದೋರು, ಯಾರ್ದಾದ್ರೇನು ಅಂತ ನಾನೇ ಕೈ ನೀಡ್ದೆ."

ನರ್ಸು ಚಿಕ್ಕಮ್ಮನ ಹೆಸರು ಕೂಗಿದಾಗ ಅವ್ವ ಎದ್ದು ಹೋಗಿದ್ದಳು. ಪಕ್ಕದಲ್ಲೇ ಕೂತಿದ್ದ ಚಿಕ್ಕಮ್ಮ ಸುಮ್ಮನಿದ್ದಳಂತೆ.

"ಅಂಗಾರೆ ನೀನು ಗಟ್ಟಿಯಾಗಿದ್ದೀಯ ಬುಡಕ್ಕ," ಎಂದರು ಚಿಕ್ಕಪ್ಪ. ಅವ್ವ ನಗಲಿಲ್ಲ.

ಈ ಸಲ ಹೆಂಡತಿಯದನ್ನೇ ತೆಗೆಸಬೇಕು, ಅದರಲ್ಲಿ ಕಾಯಿಲೆ ಕಂಡರೆ ಇರಲಿ, ಕಾಣದಿದ್ದರೆ ತಾವು ಕರೆದುಕೊಂಡು ಹೋಗುವುದೇ ಸೈ ಎಂದರು. ಕಾಯಿಲೆ ಇದ್ದೂ ರಕ್ತದಲ್ಲಿ ಕಾಣದವರನ್ನು ನೋಡಿದ್ದೇನೆ, ಈ ಪರೀಕ್ಷೆ ಅಂಥ ತೀರ್ಮಾನಕ್ಕೆ ಒದಗುವುದಿಲ್ಲ ಎಂದೆ. ಸೋಲುತ್ತೇನೆಂದು ನಾನು ಮೊದಲೇ ತಪ್ಪಿಸಿಕೊಳ್ಳುವ ದಾರಿ ಮಾಡಿಕೊಳ್ಳುತ್ತಿದ್ದೇನೆ ಎಂದುಕೊಂಡರು ಚಿಕ್ಕಪ್ಪ.

ಮರುದಿನ ಬೆಳಿಗ್ಗೆ ಚಿಕ್ಕಮ್ಮನೇ ಕೈ ನೀಡಿದಳು. ಸೀಸೆಯನ್ನು ನಾನೇ ಒಯ್ದು ಅಳೆದೆ. ಎರಡನೆಯ ಸಲವೂ ಅಳೆದೆ. ಹೆಚ್ಚಿರಲಿಲ್ಲ.

ಬೇರೆ ಹೇಳಬಹುದಿತ್ತು. ಅವರಿಗೆ ಗೊತ್ತಾಗುತ್ತಿರಲಿಲ್ಲ. ವಾರದ ಕೊನೆಗೆ ಚಿಕ್ಕಪ್ಪ ಮತ್ತೆ ಬಂದಾಗ ಇದ್ದದ್ದನ್ನೇ ಹೇಳಿದೆ. ಆದರೂ ಅವಳಿಗೆ ಕಾಯಿಲೆ ಇದೆ, ಅದನ್ನು ರಕ್ತದಲ್ಲಿ ಓದಲು ನಮಗಿನ್ನೂ ಬಾರದು ಎಂದೆ.

"ಬರಾಕಿಲ್ಲ ಅಂದ್ಮೇಲೆ ತೆಗಿಯದ್ಯಾಕೆ?"

ಕಲಿಯುವುದಕ್ಕೆ ಎಂದೆ. ಆ ಉತ್ತರ ಅವರಿಗೆ ಸಾಲಲಿಲ್ಲ. ಹೆಂಡತಿಯ ಬಟ್ಟೆ ಜೋಡಿಸುವಂತೆ ಅವ್ವನಿಗೆ ಹೇಳಿದರು.

ಚಿಕ್ಕಮ್ಮ ಒಳಕೋಣೆಯಿಂದ ಬಂದು ಬಾಗಿಲು ಹಿಡಿದು ನಿಂತಳು. ಯಾರ ಮುಖವನ್ನೂ ನೋಡಲಿಲ್ಲ.

"ನಾ ಬರಾಕಿಲ್ಲ. ಈ ಮಾತ್ರೆ ನುಂಗಿದ್ಮೇಲೆ ಒಸಿ ನಿದ್ದೆ ಬತ್ತದೆ."

ಚಿಕ್ಕಪ್ಪ ಮಳವಳ್ಳಿಗೆ ಮದ್ದೂರಿನ ಮೇಲೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿ, ಒಬ್ಬರೇ ಹೊರಟರು.